ಹಾಲು ಹಾಕಿದ ಮೇಲೆ ಸಭೆ

ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾನು ಅತಿಥಿ ಶಿಕ್ಷಕಿಯಾಗಿದ್ದ ವರ್ಷ, ಪಾಠದ ಜೊತೆಗೆ ನನ್ನ ಪಾಲಿಗೆ ಬಂದ ಇನ್ನೊಂದು ಕೆಲಸವೆಂದರೆ ಎಸ್‌ಡಿಎಂಸಿ ಸಭೆಗೆ ದಿನ ಗೊತ್ತುಮಾಡುವುದು. ಅದು ಮಕ್ಕಳ ತಂದೆತಾಯಂದಿರೇ ಸದಸ್ಯರಾಗಿರುವ ಸಮಿತಿ. ಶಾಲೆಗೆ ಏನು ಬೇಕೆಂದು ಅವರು ಕೂತು ತೀರ್ಮಾನಿಸಬೇಕು, ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಸಾಕಷ್ಟು ಜನ ಬರದಿದ್ದರೆ ಅದು ಸಭೆಯೇ ಅಲ್ಲ.

ಆ ಸಲ ತೀರ್ಮಾನವಾಗಬೇಕಿದ್ದದ್ದು ಹೆಣ್ಣುಮಕ್ಕಳ ಶೌಚಾಲಯದ ವಿಷಯ. ಕಟ್ಟಡವೇನೋ ಇತ್ತು, ನೀರಿರಲಿಲ್ಲ. ಹಾಗಾಗಿ ಬೀಗ ಹಾಕಿತ್ತು. ದುರಸ್ತಿಗೆ ಅನುದಾನ ಬರುವುದಿತ್ತು. ತಿಂಗಳ ಕೊನೆಯೊಳಗೆ ಸಮಿತಿಯ ತೀರ್ಮಾನ ತಾಲ್ಲೂಕಿನ ಶಿಕ್ಷಣ ಕಚೇರಿ ತಲುಪದಿದ್ದರೆ ಆ ಹಣ ಬೇರೆ ಶಾಲೆಗೆ ಹೋಗುತ್ತಿತ್ತು. ನನ್ನ ಐದನೇ ತರಗತಿಯ ಹುಡುಗಿಯರು ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯುತ್ತಿರಲಿಲ್ಲ. ಬಿಸಿಯೂಟ ಆದಮೇಲೂ ಲೋಟ ಮುಟ್ಟುತ್ತಿರಲಿಲ್ಲ. ಕೇಳಿದರೆ, "ಬಾಯಾರ್ಕೆ ಇಲ್ಲ ಮಿಸ್" ಎನ್ನುತ್ತಿದ್ದರು.

ಮೊದಲ ಸಭೆಯನ್ನು ನಾನು ವಾಟ್ಸಾಪಿನಲ್ಲಿ ಕರೆದೆ. ಮನೆಮನೆಗೆ ಹೋಗಿ ಮಾತಾಡಿಸುವುದು ನನ್ನ ಸ್ವಭಾವಕ್ಕೆ ಒಗ್ಗದ ಕೆಲಸ. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಎಂದು ಬರೆದೆ. ಎಲ್ಲರೂ ಹೆಬ್ಬೆರಳು ಎತ್ತಿದರು. ಬಂದವರು ಅಧ್ಯಕ್ಷರೊಬ್ಬರೇ. ಕಬ್ಬು, ಭತ್ತ ಬೆಳೆಯುವ ಮನುಷ್ಯ, ಮೂರನೇ ತರಗತಿಯ ಹುಡುಗನ ತಂದೆ. ಖಾಲಿ ಬೆಂಚುಗಳನ್ನು ನೋಡಿ ನಕ್ಕರು.

"ಬೆಳ್ಳೆತ್ತವ್ರೆ ಅಂದ್ರೆ ನೋಡಿದೀವಿ ಅಂತ ಕಣ್ ಮೇಡಂ. ಬತ್ತೀವಿ ಅಂತ ಯಾರೇಳುದ್ರು?"

ಎರಡನೆಯ ಸಲ ಯೋಚಿಸಿ ಸೋಮವಾರ ಇಟ್ಟೆ. ನಾನು ಬೆಳೆದದ್ದು ಮಂಡ್ಯದ ಪೇಟೆಯಲ್ಲಿ. ಆದರೂ ನಮ್ಮ ಕಡೆ ಸೋಮವಾರ ಆರು ಕಟ್ಟಿ ಉಳುವುದಿಲ್ಲ, ಬಸವನಿಗೆ ಅಂದು ಬಿಡುವು ಎನ್ನುವುದು ಅಜ್ಜಿಯ ಮಾತಿನಿಂದ ಗೊತ್ತಿತ್ತು. ಈಗ ಎತ್ತು ಕಡಿಮೆ, ಟ್ರ್ಯಾಕ್ಟರು ಟಿಲ್ಲರೇ ಜಾಸ್ತಿ. ಆದರೆ ಟ್ರ್ಯಾಕ್ಟರನ್ನೂ ಸೋಮವಾರ ಗದ್ದೆಗೆ ಇಳಿಸದ ಮನೆಗಳು ಆ ಊರಿನಲ್ಲಿದ್ದವು. ಡೀಸೆಲ್ ಯಂತ್ರಕ್ಕೂ ಬಸವನ ರಜೆ ಕೊಡುವ ಊರು ಎಂದು ನನಗೆ ಖುಷಿಯಾಗಿತ್ತು. ಎಲ್ಲರೂ ಬಿಡುವಾಗಿರುವ ದಿನ ಸಿಕ್ಕಿತು ಎಂದುಕೊಂಡೆ.

ಆ ಸೋಮವಾರ ಊರೇ ಖಾಲಿ. ಬಿಡುವಿದೆ ಎಂಬ ಕಾರಣಕ್ಕೇ ಒಬ್ಬರು ಮನೆದೇವರಿಗೆ, ಒಬ್ಬರು ಮದ್ದೂರಿಗೆ ಪಂಪಿನ ರಿಪೇರಿಗೆ, ಇನ್ನೊಬ್ಬರು ಮಂಡ್ಯದ ಆಸ್ಪತ್ರೆಗೆ ಹೋಗಿದ್ದರು. ಅಧ್ಯಕ್ಷರೂ ಇರಲಿಲ್ಲ. ಫೋನ್ ಮಾಡಿದರೆ ಹಿಂದಿನಿಂದ ಬಸ್ಸಿನ ಹಾರನ್ನು ಕೇಳಿಸಿತು. "ಸೋಮಾರ ಬುಡುವಲ್ವಾ ಮೇಡಂ, ಅದ್ಕೇ ಬಂದೆ," ಎಂದರು. ನನ್ನ ತರ್ಕವೂ ಅವರ ತರ್ಕವೂ ಒಂದೇ ಆಗಿತ್ತು. ಅವರು ಅದರ ಪ್ರಕಾರ ಊರು ಬಿಟ್ಟಿದ್ದರು, ನಾನು ಅದರ ಪ್ರಕಾರ ಊರಿಗೆ ಬಂದಿದ್ದೆ.

ನಿವೃತ್ತಿಗೆ ಹತ್ತಿರವಿದ್ದ ಹೆಡ್‌ಮಾಷ್ಟ್ರು ಇದಕ್ಕೆಲ್ಲ ಬೇಸರಪಟ್ಟುಕೊಳ್ಳಲಿಲ್ಲ. ನಡಾವಳಿ ಪುಸ್ತಕವನ್ನು ನನ್ನ ಕೈಗಿತ್ತರು. "ಮನೆ ಮನೆಗೆ ಹೋಗಿ ಸೈನ್ ಹಾಕಿಸ್ಕೊಂಡ್ ಬಂದ್ಬಿಡಿ. ವಿಷಯ ನಾನು ಆಮೇಲೆ ಬರ್ಕೊತೀನಿ. ಮುಂಚಿಂದ್ಲೂ ಹೀಗೇ ಅಮ್ಮ ನಡ್ದಿರೋದು."

ಸಿಗುವುದೇ ಕಷ್ಟವಾದವರಿಂದ ಶುರುಮಾಡೋಣ ಎಂದು ನಾನು ಮೊದಲು ಆರಿಸಿಕೊಂಡದ್ದು ನನ್ನ ತರಗತಿಯ ಒಬ್ಬ ಹುಡುಗಿಯ ತಾಯಿಯನ್ನು. ಆಕೆಗೆ ಗಾರ್ಮೆಂಟ್ಸ್ ಕೆಲಸ. ಬೆಳಿಗ್ಗೆ ನಾನು ಬಸ್ಸಿಳಿಯುವುದಕ್ಕೆ ಮುಂಚೆಯೇ ಕಾರ್ಖಾನೆಯ ವ್ಯಾನು ಆಕೆಯನ್ನು ಕರೆದುಕೊಂಡು ಹೋಗಿರುತ್ತಿತ್ತು. ವಾಪಸಾಗುವುದು ಕತ್ತಲಾಗುವ ಹೊತ್ತಿಗೆ. ವ್ಯಾನು ನಿಲ್ಲುವುದು ಶಾಲೆಯ ಎದುರಿನ ಹಾಲಿನ ಡೇರಿಯ ಮುಂದೆ. ಮದ್ದೂರಿನ ನನ್ನ ಬಾಡಿಗೆ ಮನೆಗೆ ಬೇಗ ಹೋಗುವ ತುರ್ತೇನೂ ಇರಲಿಲ್ಲವಾದ್ದರಿಂದ ಅಂದು ಅಲ್ಲೇ ನಿಂತು ಕಾದೆ.

ಆ ಹೊತ್ತಿನಲ್ಲಿ ಆ ಊರನ್ನು ನಾನು ನೋಡಿಯೇ ಇರಲಿಲ್ಲ. ಸ್ಟೀಲ್ ಕ್ಯಾನು ಹಿಡಿದು ಜನ ಸಾಲು ನಿಂತಿದ್ದರು. ಯಾರ ಹಸು ಎಷ್ಟು ಹಿಂಡಿತು, ಯಾರ ಹಾಲು ತೆಳ್ಳಗಿದೆ ಎಂದು ಮಾತು ನಡೆದಿತ್ತು. ಅಧ್ಯಕ್ಷರೂ ಸಾಲಿನಲ್ಲಿದ್ದರು. ಫೋನಿನಲ್ಲಿ ಹೆಬ್ಬೆರಳಾಗಿ ಮಾತ್ರ ಪರಿಚಯವಿದ್ದ ಸದಸ್ಯರು ಒಬ್ಬೊಬ್ಬರಾಗಿ ನನ್ನೆದುರೇ ಹಾಲು ಅಳೆಸಿ ಹೋದರು. ಆ ತಾಯಿಯ ಅತ್ತೆ ಒಂದು ಕೈಯಲ್ಲಿ ಕ್ಯಾನು, ಸೊಂಟದಲ್ಲಿ ಮೊಮ್ಮಗುವನ್ನು ಹಿಡಿದು ನಿಂತಿದ್ದರು. ಮಗುವಿಗೆ ಎರಡು ತುಂಬಿರಲಿಲ್ಲ. ನಿಮಗೆಲ್ಲ ಯಾವಾಗ ಪುರುಸೊತ್ತು ಎಂದು ಅವರನ್ನೇ ಕೇಳಿದೆ.

"ನಂಗಾ? ಗುಂಡಿಗೋಗೋ ಗಂಟ ಇಲ್ಲ ಕಣವ್ವ," ಎಂದರು. ಸಾಲಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. "ಅಲ್ಲೂ ಬುಡಾಕಿಲ್ಲ ಬುಡಿ ಅತ್ತೆ, ಮೀಟಿಂಗ್ ಕರೀತಾರೆ," ಎಂದು ಹಿಂದಿನಿಂದ ಯಾರೋ ಹೇಳಿದರು.

ನಗು ನಿಂತ ಮೇಲೆ ಅತ್ತೆ ನನ್ನ ಮುಖ ನೋಡಿದರು. "ನೀವ್ ಯಾಕವ್ವ ಕೇಳ್ತೀರಿ? ಇಲ್ಲೀಗಂಟ ಯಾರೂ ಕೇಳಿರ್ನಿಲ್ಲ."

ವ್ಯಾನು ಬಂತು. ಊಟದ ಡಬ್ಬಿಯ ಚೀಲ ಹಿಡಿದ ಹೆಂಗಸರು ಇಳಿದರು. ಆಕೆ ಇಳಿದೊಡನೆ ಮಗು ಅತ್ತೆಯ ಸೊಂಟದಿಂದ ಆಕೆಯ ಸೊಂಟಕ್ಕೆ ದಾಟಿತು. ನಾನು ಪರಿಚಯ ಹೇಳಿಕೊಂಡು, ಪುಸ್ತಕ ತೆರೆದು, ಸಹಿ ಎಲ್ಲಿ ಎಂದು ತೋರಿಸಿದೆ. ಖಾಲಿ ಹಾಳೆಯನ್ನು ಒಮ್ಮೆ ನೋಡಿ ಆಕೆ ಪೆನ್ನು ಮುಟ್ಟಲಿಲ್ಲ.

"ನೆಡೀದಿರೋ ಮೀಟಿಂಗ್ಗೆ ನಾನ್ಯಾಕ್ ಸೈನ್ ಆಕ್ಲಿ ಮಿಸ್? ಓದ್ವರ್ಸ ಇಂಗೇ ಬಂದು ಆಕುಸ್ಕಂಡೋದ್ರು. ನಲ್ಲಿ ಆಕುಸ್ತೀವಿ ಅಂದ್ರು. ಆಮೇಲ್ ನೋಡುದ್ರೆ ಗೇಟ್ ಮ್ಯಾಲೆ ಕಮಾನ್ ಎದ್ದಿತ್ತು."

ಶಾಲೆಯ ಗೇಟಿನ ಮೇಲಿನ ಹಳದಿ ಕಮಾನು ನಾವು ನಿಂತಲ್ಲಿಂದಲೇ ಕಾಣುತ್ತಿತ್ತು.

"ನನ್ ಮಗ್ಳು ಮನೇಗ್ ಬಂದ್ ಬ್ಯಾಗ್ ಕೂಡ ಇಳ್ಸಕಿಲ್ಲ, ಅಂಗೇ ಇತ್ಲಿಗ್ ಓಡ್ತಾಳೆ. ಕಮಾನ್ ನೋಡ್ಕಂಡು ಉಚ್ಚೆ ಉಯ್ಯಕಾಯ್ತದಾ?"

ನಾನು ಪುಸ್ತಕ ಮುಚ್ಚಿದೆ. ಹಾಗಾದರೆ ನೀವು ಸಭೆಗೆ ಬರುವ ಹೊತ್ತು ಯಾವುದು ಎಂದಷ್ಟೇ ಕೇಳಿದೆ. ಆಕೆ ಸುತ್ತ ಒಮ್ಮೆ ಕಣ್ಣಾಡಿಸಿದರು.

"ಇದೇ ಒತ್ತು. ಎಲ್ರೂ ಇಲ್ಲೇ ಅವ್ರಲ್ಲ. ಆಲ್ ಆಕುದ್ಮೇಲೆ ಅಂಗೇ ಇಸ್ಕೂಲಿಗ್ ಬತ್ತೀವಿ. ಅಡ್ಗೆ ಒಂದಿನ ತಡ ಆದ್ರೆ ಯಾರೂ ಸಾಯಾಕಿಲ್ಲ."

"ಮಗು?" ಎಂದೆ.

"ಅದ್ನೆಲ್ ಬುಡ್ಲಿ? ಅದೂ ಬತ್ತದೆ."

ಹೆಡ್‌ಮಾಷ್ಟ್ರು ಒಪ್ಪಲು ಎರಡು ದಿನ ಬೇಕಾಯಿತು. ಸಂಜೆಯ ಮೇಲೆ ಶಾಲೆ ತೆರೆದರೆ ಯಾರಾದರೂ ದೂರು ಬರೆಯುತ್ತಾರೆ ಎಂಬುದು ಅವರ ಅಂಜಿಕೆ. ಆದರೆ ಒಬ್ಬ ಸದಸ್ಯೆ ಸಹಿ ಹಾಕಲಿಲ್ಲ ಎಂಬ ಸುದ್ದಿ ಡೇರಿಯಿಂದ ಊರಿಗೆಲ್ಲ ಹರಡಿತ್ತು. ಇನ್ನಿಬ್ಬರು ಹೆಂಗಸರು ತಾವೂ ಹಾಕುವುದಿಲ್ಲ ಎಂದರು. ತಿಂಗಳು ಮುಗಿಯುತ್ತಾ ಬಂದಿತ್ತು. ಕೊನೆಗೆ ಅಧ್ಯಕ್ಷರು, "ಕರೀರಿ ಸಾರ್ ಅತ್ಲಾಗೆ. ಕರೆಂಟ್ ಓದ್ರೆ ನಮ್ಮನೆ ಟಾರ್ಚ್ ತತ್ತೀನಿ," ಎಂದ ಮೇಲೆ ಹ್ಞೂಂ ಎಂದರು. ನೋಟಿಸಿನಲ್ಲಿ ನಾನು ಗಂಟೆ ಹಾಕಲಿಲ್ಲ, ಹಾಲು ಹಾಕಿದ ಮೇಲೆ ಎಂದು ಬರೆದೆ. ಅದನ್ನು ಓದಿ ಹೆಡ್‌ಮಾಷ್ಟ್ರು ಕನ್ನಡಕ ತೆಗೆದು ನನ್ನನ್ನೊಮ್ಮೆ ನೋಡಿದರು, ಆದರೆ ತಿದ್ದಲಿಲ್ಲ.

ಅಂದು ಎಲ್ಲರೂ ಬಂದರು. ಖಾಲಿ ಕ್ಯಾನುಗಳು ವರಾಂಡದಲ್ಲಿ ಸಾಲಾಗಿ ಕೂತವು. ಆದರೆ ನಾನು ಲೆಕ್ಕಕ್ಕೇ ತೆಗೆದುಕೊಳ್ಳದ ಒಂದು ಸಂಗತಿ ಇತ್ತು. ಪ್ರತಿ ತಾಯಿಯ ಹಿಂದೆ ಮಕ್ಕಳೂ ಬಂದಿದ್ದವು, ಕೆಲವರ ಹಿಂದೆ ಪಕ್ಕದ ಮನೆಯ ಮಕ್ಕಳೂ. ಒಂದು ಮಗು ಬೋರ್ಡಿನ ಡಸ್ಟರು ಹಿಡಿದು ಓಡಿತು, ಇನ್ನೊಂದು ಅಧ್ಯಕ್ಷರ ಕುರ್ಚಿ ಹತ್ತಿತು. ಹೆಡ್‌ಮಾಷ್ಟ್ರ ಸ್ವಾಗತದ ಮಾತು ಯಾರಿಗೂ ಕೇಳಿಸಲಿಲ್ಲ. ಅವರು ನನ್ನತ್ತ ತಿರುಗಿ ನೋಡಿದರು. ನಾನು ಮಕ್ಕಳನ್ನೆಲ್ಲ ಪಕ್ಕದ, ಚಿಕ್ಕ ತರಗತಿಗಳ ನಲಿಕಲಿ ಕೋಣೆಗೆ ಕರೆದುಕೊಂಡು ಹೋದೆ.

ಇಷ್ಟು ದಿನ ಯಾವ ಸಭೆ ಹೇಗೆ ನಡೆಯಬಹುದೆಂದು ಕುತೂಹಲಪಟ್ಟಿದ್ದೆನೋ ಅದನ್ನು ನಾನು ಕೇಳಿದ್ದು ಗೋಡೆಯ ಈಚೆಯಿಂದ, ಅದೂ ತುಂಡುತುಂಡಾಗಿ. ಗಾರ್ಮೆಂಟ್ಸ್ ತಾಯಿಯ ಮಗು ನನ್ನ ತೊಡೆಯ ಮೇಲೆ ಕೂತು ಬಳೆ ತಿರುಗಿಸುತ್ತಿತ್ತು. ಅಧ್ಯಕ್ಷರು ಟೈಲ್ಸು, ಹೊರಗೋಡೆಗೆ ಬಣ್ಣ ಎಂದು ಏನೋ ಹೇಳುತ್ತಿದ್ದರು. ನಂತರ ಆಕೆಯ ದನಿ.

"ಬಣ್ಣ ಬಳುದ್ರೆ ನೀರ್ ಬತ್ತದಾ ಅಣ್ಣ?"

"ಅಂಗಲ್ಲ ಕಣಮ್ಮ, ನೋಡಾಕೂ ಚೆನ್ನಾಗಿರ್ಬೇಕಲ್ವಾ?"

"ಯಾರ್ ನೋಡಾಕೆ? ಒಳಕ್ಕೋಗೋರು ಮಕ್ಳು. ಟ್ಯಾಂಕಿಂದ ಪೈಪ್ ಎಳೀರಿ. ಬಾಗ್ಲಿಗೆ ಒಳಗಡೆ ಚಿಲ್ಕ ಆಕ್ಸಿ. ಬೀಗ ತಗೀರಿ. ಉಳುದ್ರೆ ಬಣ್ಣ ಬಳೀರಿ, ಯಾರ್ ಬ್ಯಾಡ ಅಂದವ್ರು?"

ಬೇರೆ ಹೆಂಗಸರ ದನಿಗಳೂ ಸೇರಿದವು. ಯಾರು ಏನು ಹೇಳಿದರೆಂದು ಆಮೇಲೆ ನನಗೆ ಬಿಡಿಸಿಕೊಳ್ಳಲಾಗಲಿಲ್ಲ. ಕೋಣೆಯ ಮಕ್ಕಳು ಒಟ್ಟಿಗೇ ಹಾಡಲು ಶುರುಮಾಡಿದ್ದವು. ಹಾಡು ಮುಗಿದಾಗ ಅತ್ತ ಕಡೆ ನಿಶ್ಶಬ್ದವಾಗಿತ್ತು. ಏನಾಯಿತೋ ಎಂದು ನಿದ್ದೆ ಹತ್ತಿದ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದೆ.

ಹೆಡ್‌ಮಾಷ್ಟ್ರು ತೀರ್ಮಾನ ಬರೆದು ಮುಗಿಸಿದ್ದರು. ಆಕೆ ಪುಸ್ತಕವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಬೆರಳಿಟ್ಟು ಸಾಲುಸಾಲಾಗಿ ಓದುತ್ತಿದ್ದರು. ಎಲ್ಲರ ಮನೆಯಲ್ಲೂ ಮುದ್ದೆಗೆ ಎಸರಿಡುವುದು ಬಾಕಿ ಇತ್ತು. ಆದರೂ ಯಾರೂ ಅವಸರ ಮಾಡಲಿಲ್ಲ. ಬೆರಳು ಕೊನೆಯ ಸಾಲಿಗೆ ಬಂದು ನಿಂತಿತು.

"ಸಾರ್, ಚಿಲ್ಕ ಬರ್ದಿಲ್ಲ ನೀವು."

"ಅದು ಸಣ್ಣ ಕೆಲ್ಸ ಕಣಮ್ಮ. ಮಾಡುಸ್ಕೊಡೋಣ."

"ಸಣ್ ಕೆಲ್ಸನೇ ತಾನೆ. ಬರೀರಿ."

ಹೆಡ್‌ಮಾಷ್ಟ್ರು ಪೆನ್ನಿನ ಮುಚ್ಚಳ ಮತ್ತೆ ತೆಗೆದು, ಉಳಿದಿದ್ದ ಅಷ್ಟೇ ಜಾಗದಲ್ಲಿ ಒಳಚಿಲಕ ಎಂದು ಸೇರಿಸಿದರು. ಆಕೆ ಅದನ್ನೂ ಓದಿ ಸಹಿ ಹಾಕಿದರು. ಅವರ ಹಿಂದೆ ಉಳಿದವರು ಒಬ್ಬೊಬ್ಬರಾಗಿ ಬಗ್ಗಿ ಸಹಿ ಹಾಕಿದರು. ಅಧ್ಯಕ್ಷರೂ ಸಹಿ ಹಾಕುವ ಮೊದಲು ಮೇಲಿನಿಂದ ಒಮ್ಮೆ ಓದಿಕೊಂಡರು.

ಮಗುವನ್ನು ಎತ್ತಿಕೊಳ್ಳಲು ಆಕೆ ನನ್ನ ಹತ್ತಿರ ಬಂದರು. "ಮುಂದಿನ್ ಸಲ ನೀವ್ ಒಳಗ್ ಕೂತ್ಕಳಿ ಮಿಸ್. ಮಕ್ಳನ್ನ ಗಂಡಸ್ರು ನೋಡ್ಕತಾರೆ," ಎಂದರು. ಅಧ್ಯಕ್ಷರಿಗೆ ಕೇಳಿಸುವಷ್ಟು ಜೋರಾಗಿಯೇ ಹೇಳಿದ್ದರು.

ಮಾರನೆಯ ದಿನ ತೀರ್ಮಾನದ ಪ್ರತಿಯನ್ನು ಮಳವಳ್ಳಿಗೆ ನಾನೇ ತೆಗೆದುಕೊಂಡು ಹೋಗಿ ಕೊಟ್ಟೆ. ಪೈಪು ಬರಲು ಹೇಗೂ ಕೆಲವು ವಾರ ಹಿಡಿಯುತ್ತದೆ ಎಂದು ಕಚೇರಿಯಲ್ಲಿ ಹೇಳಿದರು. ಆದರೆ ವಾಪಸು ಬಂದಾಗ ಹೆಡ್‌ಮಾಷ್ಟ್ರು ಶೌಚಾಲಯದ ಬೀಗ ತೆಗೆಸಿ, ಒಳಚಿಲಕ ಹಾಕಲು ಬಡಗಿಯನ್ನು ಕರೆಸಿದ್ದರು. ಅದಕ್ಕೆ ಅನುದಾನ ಕಾಯಬೇಕಿಲ್ಲವಲ್ಲ ಎಂದರು. ಬಾಗಿಲ ಪಕ್ಕದಲ್ಲಿ ಒಂದು ಡ್ರಮ್ಮು ನೀರು ತುಂಬಿಸಿ ಇಡಿಸಿದ್ದರು.