ಉತ್ತರಕ್ಕೆ ಬದಲು ಶಾಲು

ನಾನು ನಿಂತಿದ್ದದ್ದು ಲಂಡನ್ನಿನ ಹೌನ್ಸ್ಲೋದ ಬಾಡಿಗೆ ಸಭಾಂಗಣವೊಂದರ ಎಡಬಾಗಿಲ ಪಕ್ಕ, ವೇದಿಕೆಯಿಂದ ಹನ್ನೆರಡು ಹೆಜ್ಜೆ ದೂರದಲ್ಲಿ. ಹೋದ ವರ್ಷದ ಮಾರ್ಚ್, ಭಾನುವಾರ, ಸಂಜೆ ನಾಲ್ಕೂ ಹತ್ತು. ಸಭಿಕರಿಗೆ ಕೊಡಬೇಕಾದ ಮೈಕು ನನ್ನ ಕೈಯಲ್ಲಿತ್ತು.

ಅತಿಥಿ ಹಿಂದೊಮ್ಮೆ ದೆಹಲಿಯಲ್ಲಿ ಹಣಕಾಸು ಖಾತೆಯ ಕಿರಿಯ ಸಚಿವ. ನಮ್ಮ ಕನ್ನಡ ಕೂಟದ ಕಾರ್ಯದರ್ಶಿ ಹೆಸರೆತ್ತಿದ ಮೂರು ಸಲವೂ 'ಹಣಕಾಸು ಮಂತ್ರಿಗಳು' ಎಂದೇ ಕರೆದ, ಅವರು ತಿದ್ದಲಿಲ್ಲ. ನಲವತ್ತು ನಿಮಿಷ ಪೆಟ್ಟಿಗೆಯ ಬಗ್ಗೆ ಮಾತಾಡಿದರು. ಇಲ್ಲಿನ ಹಣಕಾಸು ಮಂತ್ರಿ ಬಜೆಟ್ ದಿನ ಬಾಗಿಲ ಮುಂದೆ ಎತ್ತಿ ತೋರಿಸುವ ಕೆಂಪು ಪೆಟ್ಟಿಗೆ, ಅದನ್ನು ನೋಡಿ ನಮ್ಮವರು ಹಿಡಿದ ಸೂಟ್‌ಕೇಸು, ಲಂಡನ್ನಿನ ಗಡಿಯಾರಕ್ಕೆ ಹೊಂದಲೆಂದು ಸ್ವಾತಂತ್ರ್ಯ ಬಂದ ಮೇಲೂ ದಶಕಗಟ್ಟಲೆ ಸಂಜೆ ಐದಕ್ಕೇ ಓದಿದ ಬಜೆಟ್ಟು, ಆಮೇಲೆ ಸೂಟ್‌ಕೇಸಿನ ಜಾಗಕ್ಕೆ ಬಂದ ಕೆಂಪು ಬಟ್ಟೆಯ ಕಟ್ಟು. ಬರೀ ಹೊದಿಕೆಗಳ ಚರಿತ್ರೆ. ಒಳಗಿನದರ ಬಗ್ಗೆ ಒಂದು ಮಾತಿಲ್ಲ. ಜನ ಚಪ್ಪಾಳೆ ತಟ್ಟಿದರು.

ಆಮೇಲೆ ಸನ್ಮಾನ. ಏಳು ಶಾಲು, ಎರಡು ಮೈಸೂರು ಪೇಟ. ಪ್ರಶ್ನೆಗಳ ಸಮಯ ಅದರಲ್ಲೇ ಮುಗಿಯಿತು.

ಮೂರನೇ ಸಾಲಿನಿಂದ ಒಬ್ಬರು ಎದ್ದರು. ಧಾರವಾಡದವರು, ನಿವೃತ್ತ ನರ್ಸ್, ಒಂಟಿ. ಊರಲ್ಲಿ ಅಕ್ಕ ಹಾಸಿಗೆ ಹಿಡಿದಿದ್ದರು. ಹೋಗಿ ಅವರ ಜೊತೆ ಇದ್ದುಬಿಡಬೇಕೆಂದು ಈಕೆಯ ಆಸೆ.

"ಮೈಕ್ ಕೊಡ್ಬೇಡ ಮಾರಾಯ, ಮಂತ್ರಿಗಳಿಗೆ ಫ್ಲೈಟ್ ಇದೆ," ಎಂದ ಕಾರ್ಯದರ್ಶಿ. ನಾನು ಕೊಡಲಿಲ್ಲ. ಆಕೆ ಹಾಗೇ ಕೇಳಿದರು.

"ಸಾಹೇಬ್ರ, ನಾ ಇಲ್ಲೇ ಇದ್ರ ಇಲ್ಲಿ ಸರಕಾರದ ಪೆನ್ಶನ್ ವರ್ಷಾ ಏರತದ. ಅಕ್ಕನ ಹತ್ರ ಹೋಗಿ ಉಳದ್ರ, ಹೋದ ದಿನ ಎಷ್ಟಿತ್ತೋ ಅಷ್ಟಕ್ಕ ನಿಂತಬಿಡತದ, ಸಾಯೂತನಕ ಅಷ್ಟ. ಎರಡೂ ದೇಶದ ನಡುವ ಒಪ್ಪಂದ ಇಲ್ಲಂತ. ಖುರ್ಚಿ ಮ್ಯಾಲಿದ್ದಾಗ ನೀವು ಒಮ್ಮೆರ ಈ ಮಾತು ಎತ್ತಿದ್ರೇನ್ರಿ?"

ಸಚಿವರು ನಕ್ಕರು. ವೇದಿಕೆ ಇಳಿದು ಬಂದರು. "ಅಮ್ಮಾ, ನಿಮ್ಮಂಥೋರೇ ನಮ್ಮ ಹೆಮ್ಮೆ," ಎಂದು, ಆಗಷ್ಟೇ ತಮಗೆ ಹೊದಿಸಿದ್ದ ಶಾಲೊಂದನ್ನು ಆಕೆಗೆ ಹೊದಿಸಿದರು. ಮತ್ತೆ ಚಪ್ಪಾಳೆ, ಮೊದಲಿಗಿಂತ ಜೋರು.

"ಆಂಟಿ, ಸ್ಮೈಲ್ ಪ್ಲೀಸ್!" ಎಂದಳು ಫೋನ್ ಎತ್ತಿ ಹಿಡಿದ ಹುಡುಗಿಯೊಬ್ಬಳು.

"ಶಾಲು ಬ್ಯಾಡ್ರಿ. ಎತ್ತಿದ್ರೋ ಇಲ್ಲೋ, ಅಷ್ಟ ಹೇಳ್ರಿ."

ಅಷ್ಟರಲ್ಲಿ ಅವರು ಇನ್ನೊಂದು ಸೆಲ್ಫಿಗೆ ತಿರುಗಿದ್ದರು. ಕೂಟದ ಪುಟದಲ್ಲಿ ಆ ಚಿತ್ರದ ಕೆಳಗೆ 'ಹಿರಿಯರಿಗೆ ಮಂತ್ರಿಗಳ ಗೌರವ' ಎಂದು ಹಾಕಿದರು. ಕೇಳಿದ ಪ್ರಶ್ನೆಯ ಸುದ್ದಿ ಎಲ್ಲೂ ಇಲ್ಲ.

ಇರುವ ಪಿಂಚಣಿಯೇ ಸಾಲದು, ಅದೂ ಏರದೆ ನಿಂತರೆ ಅಕ್ಕನಿಗೇ ಹೊರೆಯಾಗುತ್ತೇನೆಂದು ಆಕೆ ಹೋಗಲಿಲ್ಲ. ಅಕ್ಕ ಆಗಸ್ಟಿನಲ್ಲಿ ತೀರಿಕೊಂಡರು. ಈಕೆ ಜನವರಿಯಲ್ಲಿ, ಇಲ್ಲೇ.

ಆ ಪ್ರಶ್ನೆಯನ್ನು ಹತ್ತಿರದಿಂದ ಕೇಳಿ, ಕಣ್ಣಾರೆ ಕಂಡವರಲ್ಲಿ ಈಗಲೂ ಇರುವವರು: ಆ ಕಾರ್ಯದರ್ಶಿ, ಆಕೆಯ ಪಕ್ಕ ಕೂತಿದ್ದ ಮೈಸೂರಿನ ಡಾಕ್ಟರ ಹೆಂಡತಿ, 'ಸ್ಮೈಲ್' ಎಂದ ಕೊಲಿಂಡೇಲಿನ ಹುಡುಗಿ, ಮಾಜಿ ಸಚಿವರು, ನಾನು.