ಅಪ್ಪ ಮಾರಿಬಿಟ್ಟ ಕಾದಂಬರಿ

ಅರಸೀಕೆರೆ ಬಸ್ ಸ್ಟ್ಯಾಂಡ್ ಪಕ್ಕದ ನಮ್ಮ ಪುಸ್ತಕದಂಗಡಿಯಲ್ಲಿ ಅಪ್ಪ ಓದುತ್ತಿದ್ದ ರೀತಿ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮಾರಾಟಕ್ಕೆ ಬಂದ ಹೊಸ ಪುಸ್ತಕವನ್ನೇ ಓದಬೇಕು, ಅದೂ ಬೆನ್ನು ಮಡಚದ ಹಾಗೆ, ಬಾಗಿಲ ಸಂದಿಯಲ್ಲಿ ಇಣುಕುವವರಂತೆ ಅರ್ಧ ತೆರೆದು. ಗಿರಾಕಿ ಬಂದು ಅದನ್ನೇ ಕೇಳಿದರೆ ವಾಕ್ಯದ ನಡುವೆಯೇ ಮುಚ್ಚಿ ಕೊಟ್ಟುಬಿಡುತ್ತಿದ್ದರು. ಹಾಗಾಗಿ ಅವರ ತಲೆಯಲ್ಲಿ ಮದುವೆಯಾಗದ ನಾಯಕಿಯರು, ಸಿಕ್ಕಿಬೀಳದ ಕೊಲೆಗಾರರು ಎಷ್ಟಿದ್ದರೋ! ತಮಗೆ ಅಂತ ಒಂದು ಪುಸ್ತಕವನ್ನೂ ಇಟ್ಟುಕೊಂಡವರಲ್ಲ.

ಹೋದ ವರ್ಷ ಗ್ಲಾಕೋಮಾದಿಂದ ಅವರ ಎಡಗಣ್ಣು ಹೋಯಿತು. ಬಲಗಣ್ಣೂ ಮಸುಕಾಗತೊಡಗಿದಾಗ ಹಾಸನದ ಡಾಕ್ಟರು, "ಇರೋ ದೃಷ್ಟಿ ಉಳಿಸೋಕೆ ಆಪರೇಷನ್ ಮಾಡೋಣ, ಆದರೆ ಗ್ಯಾರಂಟಿ ಕೊಡೋಕಾಗಲ್ಲ" ಎಂದರು. ಆಪರೇಷನ್ನಿನ ಹಿಂದಿನ ದಿನ ಅಪ್ಪ ಒಂದು ದಪ್ಪ ಕಾದಂಬರಿಯ ಕೊನೆಯ ಪುಟಗಳಲ್ಲಿದ್ದರು. ಇದ್ದದ್ದು ಅದೊಂದೇ ಪ್ರತಿ. ಇದನ್ನಾದರೂ ಅವರು ಮುಗಿಸಲಿ, ಯಾರು ಕೇಳಿದರೂ ಕೊಡುವುದಿಲ್ಲ ಎಂದು ಹಟ ಹಿಡಿದು ನಾನೇ ಗಲ್ಲಾದ ಹತ್ತಿರ ಕೂತೆ. ಬಾಗಿಲಲ್ಲಿ ಯಾರ ನೆರಳು ಬಿದ್ದರೂ ಎದ್ದು ನಿಲ್ಲುತ್ತಿದ್ದೆ.

ಮಧ್ಯಾಹ್ನ ಹಳೇಬೀಡಿನ ಹೆಂಗಸೊಬ್ಬರು ಬಂದು ಆ ಕಾದಂಬರಿಯನ್ನೇ ಕೇಳಬೇಕೆ!

"ಇಲ್ಲಕ್ಕಾ, ಖಾಲಿಯಾಗೈತೆ" ಎಂದೆ.

"ಐತೆ ತಾಯಿ." ಅಪ್ಪ ಒಳಗಿನಿಂದ ಎದ್ದು ಬಂದರು. ರಟ್ಟನ್ನು ಪಂಚೆಯ ತುದಿಯಿಂದ ಒರೆಸಿ ಕೊಟ್ಟೇಬಿಟ್ಟರು.

ಆಕೆ ಅತ್ತ ಹೋದದ್ದೇ ತಡ, "ನಿಮಗೇನು ತಲೆಗಿಲೆ ಕೆಟ್ಟೈತಾ ಅಪ್ಪಾಜಿ? ನಾಳೆ ಏನಾಗ್ತದೋ ಏನೋ!" ಎಂದು ಕೂಗಾಡಿದೆ. ನಾನು ಬಸ್ ಸ್ಟ್ಯಾಂಡಿಗೆ ಓಡಿದೆ. ಹಳೇಬೀಡಿನ ಬಸ್ಸು ಹೊರಡುವುದರಲ್ಲಿತ್ತು. ಕಂಡಕ್ಟರ್ ಬೈಯುತ್ತಿದ್ದರೂ ಹತ್ತಿ, ಎಲ್ಲರೆದುರು ಆಕೆಗೆ ಅಪ್ಪನ ಕಣ್ಣಿನ ವಿಷಯ ಹೇಳಿದೆ. ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು, ಅದಕ್ಕೂ ಸಿಟ್ಟು ಬಂತು.

"ಅಯ್ಯೋ, ಮೊದ್ಲೇ ಹೇಳಬಾರದೇನಮ್ಮಾ?" ಎನ್ನುತ್ತಾ ಆಕೆ ಬ್ಯಾಗು ಎತ್ತಿಕೊಂಡು ಇಳಿದೇಬಿಟ್ಟರು. ಬಸ್ಸು ಹೊರಟುಹೋಯಿತು.

ಅಂಗಡಿಗೆ ಬಂದು ಪುಸ್ತಕವನ್ನು ಅಪ್ಪನ ಮುಂದಿಟ್ಟರು. "ಮುಗಿಸಿ ಯಜಮಾನ್ರೇ, ನಾನು ಮುಂದಿನ ಬಸ್ಸಿಗೆ ಹೋಗ್ತೀನಿ. ಬೇಕಾದ್ರೆ ನಾನೇ ಓದಿ ಹೇಳ್ತೀನಿ."

ಅಪ್ಪ ಅದನ್ನು ಮುಟ್ಟಲಿಲ್ಲ. "ಬ್ಯಾಡ ತಾಯಿ."

"ಯಾಕಪ್ಪಾಜಿ? ಇನ್ನೇನು ನಾಲ್ಕು ಪುಟ ಅಲ್ವಾ?" ನಾನು ರೇಗಿದೆ.

"ನಾಲ್ಕು ದಿನದಿಂದ ಅಷ್ಟೇ ಉಳಿದೈತೆ ಕಣವ್ವ. ಬೇಕೂಂತ್ಲೇ ಉಳಿಸ್ಕೊಂಡಿದ್ದೆ." ಅವರು ಆಕೆಯತ್ತ ತಿರುಗಿದರು. "ಇವತ್ತೇ ಮುಗಿಸಿಬಿಟ್ರೆ, ನಾಳೆಯಿಂದ ಕಾಣಲ್ಲ ಅಂತ ನಾನೇ ಒಪ್ಕೊಂಡಂಗಾಯ್ತದೆ. ತಗೊಂಡೋಗಿ ತಾಯಿ. ಕಣ್ಣು ಉಳಿದ್ರೆ ನಿಮ್ಮನೆಗೇ ಬಂದು ಓದ್ತೀನಿ."

ಇಷ್ಟು ದಿನ ಭಯವೆಲ್ಲ ನನ್ನೊಬ್ಬಳದೇ ಎಂದುಕೊಂಡಿದ್ದೆನಲ್ಲ! ಆಕೆ ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡರು. ಹಳೇಬೀಡಿನ ಕೆರೆಯ ಹತ್ತಿರದ ತಮ್ಮ ಮನೆಯ ಗುರುತು ಹೇಳಿ ಹೋದರು.

ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ಮೇಲೆ ಇವತ್ತು ತಿಳಿಯಾಗಬಹುದು, ನಾಳೆ ತಿಳಿಯಾಗಬಹುದು ಎಂದು ವಾರಗಟ್ಟಲೆ ಕಾದೆವು. ಅಪ್ಪನಿಗೆ ಬೆಳಕು ಕಾಣುತ್ತಿತ್ತು, ಎದುರಿಗೆ ನಿಂತವರ ಆಕಾರ ಕಾಣುತ್ತಿತ್ತು, ಅಕ್ಷರ ಮಾತ್ರ ಕಾಣಲಿಲ್ಲ. ಡಾಕ್ಟರನ್ನು ಮತ್ತೆ ಕೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಒಂದು ಬೆಳಿಗ್ಗೆ ನಾನು ಅಂಗಡಿಗೆ ಹೊರಟಿದ್ದೆ. ಅಪ್ಪ ಮಡಿಸಿಟ್ಟ ಪಂಚೆ ಉಟ್ಟುಕೊಂಡು, ಗೋಡೆ ಹಿಡಿದು ಬಾಗಿಲಿಗೆ ಬಂದರು.

"ಹಳೇಬೀಡಿಗೆ ಹೋಗೋಣ ನಡಿಯವ್ವ" ಎಂದರು. "ನೀನೇ ಓದು."