ಹಿರೇವಡ್ಡಟ್ಟಿಯಲ್ಲಿ ನಾನು ಕಾಣಿಸಿಕೊಂಡದ್ದು

ನಮ್ಮ ಕೇಬಲ್ ಸುದ್ದಿಯ ಮಾಲೀಕರು ಬದಲಾಗಿದ್ದಾರೆಂದು ಗದಗ-ಬೆಟಗೇರಿಯ ಜನಕ್ಕೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನನ್ನ ಬೆನ್ನ ಹಿಂದಿನ ಪರದೆ ಬದಲಾದರೆ ಸಾಕು, ಮರುದಿನ ಕಾಯಿಪಲ್ಲೆ ಮಾರುವವಳೂ ‘ಯಾರಿಗೆ ಮಾರಿದ್ರ್ಯವಾ?’ ಎಂದು ಕೇಳುತ್ತಿದ್ದಳು. ಪರದೆಯ ಮುಂದೆ ಕೂತವಳು ಮಾತ್ರ ನಾನೇ. ಕ್ಯಾಮೆರಾ, ಎರಡು ದೀಪ, ಒಂದು ಕಾಲು ಗಿಡ್ಡವಾದ ಮೇಜು, ಜೊತೆಗೆ ಸುದ್ದಿ ಓದುವ ಹೆಂಗಸು: ಪ್ರತಿ ಮಾರಾಟದಲ್ಲೂ ನಾನು ಸಾಮಾನಿನ ಜೊತೆಗೇ ಕೈಯಿಂದ ಕೈಗೆ ಹೋದೆ.

ಮೊದಲಿನವರು ಬೆಟಗೇರಿಯಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟಿದ್ದರು. ಮಾಳಿಗೆಯಿಂದ ಮಾಳಿಗೆಗೆ ತಾವೇ ಹಾರಿ ಕೇಬಲ್ ಎಳೆದವರು. ಅಂಗಡಿಯ ಮೇಲಿನ ಖೋಲಿಯೇ ಸ್ಟುಡಿಯೋ, ಪರದೆ ನೀಲಿ. ಫ್ಯಾನು ಸದ್ದು ಮಾಡುತ್ತದೆಂದು ಓದುವಾಗ ಆರಿಸುತ್ತಿದ್ದರು. ಬೇಸಿಗೆಯಲ್ಲಿ ನಾನು ಬೆವರು ಒರೆಸಿಕೊಳ್ಳುವುದನ್ನು ಕಂಡ ಜನ, ಸುದ್ದಿ ಓದಿ ದುಃಖ ತಡೆಯಲಾರದೆ ಅಳುತ್ತಾಳೆಂದು ತಿಳಿದಿದ್ದರು. ಕ್ಯಾಮೆರಾ ಹಿಡಿಯುವವನೇ ಲೈನ್‌ಮನ್. ಎಲ್ಲಾದರೂ ವೈರು ಹರಿದರೆ ನನ್ನನ್ನು ಅರ್ಧ ವಾಕ್ಯದಲ್ಲಿ ಬಿಟ್ಟು ನಿಚ್ಚಣಿಕೆ ಹೊತ್ತುಕೊಂಡು ಹೋಗುತ್ತಿದ್ದ. ಅವನು ಬರುವ ತನಕ ನಾನು ಅದೇ ಮುಖ ಇಟ್ಟುಕೊಂಡು ಕೂತಿರಬೇಕು.

ಅವರಿಂದ ಕೊಂಡವರು ಬಟ್ಟೆ ಅಂಗಡಿಯವರು. ಪರದೆ ಕೆಂಪಾಯಿತು. ದಿನಕ್ಕೊಂದು ಹೊಸ ಸೀರೆ ಕೊಡುತ್ತಿದ್ದರು, ಆದರೆ ಸುದ್ದಿ ಮುಗಿದ ಕೂಡಲೇ ಬಿಚ್ಚಿ ಮಡಿಸಿ ಮರಳಿ ಕೊಡಬೇಕು. ಪಿನ್ನು ಚುಚ್ಚುವಂತಿಲ್ಲ. ಮರುದಿನ ಅದೇ ಸೀರೆ ಅಂಗಡಿಯ ಮುಂದೆ ತೂಗುತ್ತಿತ್ತು, ‘ಸುದ್ದಿ ಸೀರಿ ತೋರಸ್ರಿ’ ಎಂದು ಹೆಂಗಸರು ಮುಗಿಬೀಳುತ್ತಿದ್ದರು. ರಾಜ್ಯದಲ್ಲಿ ಏನೇ ಆಗಲಿ, ಅವರಿಗೆ ನನ್ನ ಸೆರಗಿನದೇ ಚಿಂತೆ. ‘ಕಾಗದ ಸ್ವಲ್ಪ ಕೆಳಗ ಹಿಡೀರಿ, ಜರಿ ಮುಚ್ಚತೈತಿ’ ಎನ್ನುತ್ತಿದ್ದರು.

ಇಷ್ಟೆಲ್ಲ ಖ್ಯಾತಿ ಇದ್ದೂ ನನ್ನ ಅತ್ತೆಯ ಲೆಕ್ಕದಲ್ಲಿ ನಾನು ಕೆಲಸವಿಲ್ಲದವಳು. ಅತ್ತೆ ಇರುವುದು ಮುಂಡರಗಿ ತಾಲ್ಲೂಕಿನ ಹಿರೇವಡ್ಡಟ್ಟಿಯಲ್ಲಿ, ದೊಡ್ಡ ಮಗನ ಜೊತೆ. ಆ ಮಗನ ಹೆಂಡತಿ, ನನ್ನ ನೆಗೆಣ್ಣಿ, ಹೊಲ, ಎಮ್ಮೆ, ಮನೆ ಎಲ್ಲ ತೂಗಿಸುವ ಗಟ್ಟಿ ಹೆಂಗಸು. ನಾನು ಬೆಟಗೇರಿಯಲ್ಲಿ ಶಾಲಾ ಮಾಸ್ತರರ ಹೆಂಡತಿ, ಸಂಜೆ ಹೋಗಿ ಓದಿ ಬರುವವಳು. ಅತ್ತೆ ಫೋನಿನಲ್ಲಿ ಕೇಳುತ್ತಿದ್ದದ್ದು ಒಂದೇ ಮಾತು: ‘ಇವತ್ತರ ಕೆಲಸಕ್ಕ ಹೋಗಿದ್ದ್ಯೋ, ಓದಾಕ ಹೋಗಿದ್ದ್ಯೋ?’

‘ಓದೂದ ನನ್ನ ಕೆಲಸ ರೀ ಅತ್ತಿ’ ಎಂದರೆ, ‘ಬರದಿಟ್ಟದ್ದನ್ನ ಓದಾಕ ಏನ್ ಬರತೈತವಾ? ಶಾಲಿ ಹುಡುಗೂರೂ ಓದ್ತಾವು’ ಎನ್ನುತ್ತಿದ್ದರು.

ತಪ್ಪು ಅವರದೂ ಅಲ್ಲ. ಗದಗಿನ ಕೇಬಲ್ ಗದಗಿಗೆ, ಮುಂಡರಗಿಯ ಕೇಬಲ್ ಮುಂಡರಗಿಗೆ. ಹಿರೇವಡ್ಡಟ್ಟಿಯಲ್ಲಿ ಕಾಣುತ್ತಿದ್ದದ್ದು ಮುಂಡರಗಿಯ ಸುದ್ದಿ. ಮೊಬೈಲಿನಲ್ಲಾದರೂ ಹಾಕಿರೆಂದು ಇಬ್ಬರು ಮಾಲೀಕರಿಗೂ ಹೇಳಿ ಸಾಕಾಯಿತು. ‘ಮೊಬೈಲ್ನ್ಯಾಗ ಪುಕ್ಕಟ ಸಿಕ್ಕರ ಕೇಬಲ್ ಯಾರ ಹಾಕಸ್ತಾರ?’ ಎಂದರು ಇಬ್ಬರೂ. ಊರೆಲ್ಲ ನನ್ನನ್ನು ಕಂಡು ನಮಸ್ಕಾರ ಹೇಳುವಾಗ, ನನಗೆ ಮಾತ್ರ ಆ ಒಂದು ಮನೆಯ ಟಿವಿಯದೇ ಕೊರಗು. ಒಮ್ಮೆ, ಒಂದೇ ಒಂದು ಸಲ, ಅತ್ತೆ ನಾನು ಓದುವುದನ್ನು ನೋಡಬೇಕು ಅನಿಸುತ್ತಿತ್ತು.

ಆದ್ದರಿಂದ ದೊಡ್ಡ ಕಂಪನಿಯೊಂದು ನಮ್ಮನ್ನು ಕೊಂಡಿತೆಂಬ ಖಬರು ಬಂದಾಗ ಎಲ್ಲರೂ ಹೆದರಿದರು, ನಾನು ಖುಷಿಪಟ್ಟೆ. ಕಂಪನಿ ಗದಗನ್ನು ಮಾತ್ರವಲ್ಲ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕೇಬಲ್ಲುಗಳನ್ನೂ ಕೊಂಡಿತ್ತು. ಇನ್ನು ನಾಲ್ಕೂ ಊರಿಗೆ ಒಂದೇ ಸುದ್ದಿ, ಓದುವವರೂ ಒಬ್ಬರೇ. ಆ ಒಬ್ಬರು ನಾನಾದರೆ, ಹಿರೇವಡ್ಡಟ್ಟಿಯ ಪಡಸಾಲೆಗೆ ನೇರ ಪ್ರವೇಶ.

ಕಂಪನಿ ಎಂದರೆ ಯಾರೆಂದು ಯಾರಿಗೂ ಗೊತ್ತಾಗಲಿಲ್ಲ. ಬಂದವನು ಬೆಂಗಳೂರಿನ ಕಡೆಯ ಒಬ್ಬ ಮ್ಯಾನೇಜರ್, ಹೆಗಲಿಗೆ ಲ್ಯಾಪ್‌ಟಾಪ್ ಚೀಲ. ನಾಲ್ಕೂ ಊರಿನ ಓದುವವರನ್ನು ಗದಗಿಗೆ ಕರೆಸಿದ. ಲಕ್ಷ್ಮೇಶ್ವರದಿಂದ ಬಂದವರು ನಿವೃತ್ತ ಮಾಸ್ತರು, ಸುದ್ದಿಯ ಕೊನೆಗೆ ಪ್ರೇಕ್ಷಕರಿಗೆ ಒಂದು ಸಾಮಾನ್ಯ ಜ್ಞಾನದ ಪ್ರಶ್ನೆ ಕೇಳಿ, ಉತ್ತರ ಬಾರದವರನ್ನು ಬೈದೇ ಮುಗಿಸುವವರು. ಶಿರಹಟ್ಟಿಯವನು ಮದುವೆಗಳಲ್ಲಿ ಮೈಕ್ ಹಿಡಿದು ಕಾರ್ಯಕ್ರಮ ನಡೆಸುವವನು. ನಿಧನದ ಸುದ್ದಿಯನ್ನೂ ‘ಜೋರಾದ ಚಪ್ಪಾಳೆ’ ಬರುವ ಹಾಗೆ ಓದುತ್ತಿದ್ದ. ಮುಂಡರಗಿಯವನು ಅಲ್ಲಿನ ಹಳೆಯ ಮಾಲೀಕನ ಮೈದುನ, ತಂಪು ಕನ್ನಡಕ ತೆಗೆಯುತ್ತಿರಲಿಲ್ಲ. ಇಷ್ಟು ವರ್ಷ ನನ್ನ ಅತ್ತೆ ನೋಡುತ್ತಿದ್ದದ್ದು ಈ ಕನ್ನಡಕವನ್ನೇ ಎಂದು ನೆನೆದು ನನಗೆ ಹೊಟ್ಟೆ ಉರಿಯಿತು.

ಒಬ್ಬೊಬ್ಬರನ್ನೇ ಒಳಗೆ ಕರೆದು ಓದಿಸಿದ. ಹೊರಗೆ ನಾವು ಗಿರಮಿಟ್ಟು ತಿನ್ನುತ್ತ ಒಬ್ಬರನ್ನೊಬ್ಬರು ಹೊಗಳಿದೆವು, ಮನಸ್ಸಿನಲ್ಲಿ ಶಪಿಸಿದೆವು. ಸಂಜೆ ಮ್ಯಾನೇಜರ್ ಹೊರಗೆ ಬಂದು, ‘ಮೇಡಂ, ನಿಮ್ಮ ವಾಯ್ಸ್ ಸೂಪರ್. ಸೋಮವಾರದಿಂದ ನೀವೇ’ ಎಂದ. ನಾನು ಅಲ್ಲಿಂದಲೇ ಅತ್ತೆಗೆ ಫೋನ್ ಹಚ್ಚಿದೆ.

‘ಸೋಮಾರ ಸಂಜೀಕ ಏಳಕ್ಕ ಟಿವಿ ಹಚ್ಚರಿ ಅತ್ತಿ. ಹಿರೇವಡ್ಡಟ್ಟ್ಯಾಗೂ ಕಾಣ್ತೀನಿ.’

‘ಕರೆಂಟ್ ಇದ್ರ ನೋಡೂಣು’ ಎಂದರು ಅತ್ತೆ.

ಆದರೆ ನೆಗೆಣ್ಣಿ ಆಮೇಲೆ ಗುಟ್ಟಾಗಿ ಫೋನ್ ಮಾಡಿದಳು. ಅತ್ತೆ ಟಿವಿಯನ್ನು ಒದ್ದೆ ಅರಿವೆಯಿಂದ ಒರೆಸಿ, ಅದಕ್ಕೆ ಕುಂಕುಮ ಹಚ್ಚಿ, ಓಣಿಯ ತುಂಬ ಹೇಳಿ ಬಂದಿದ್ದರಂತೆ. ನನಗೆ ನೆಲ ಕಾಣಲಿಲ್ಲ. ಮದುವೆಯ ಸೀರೆಯನ್ನು ಟ್ರಂಕಿನಿಂದ ತೆಗೆದು ಇಸ್ತ್ರಿ ಮಾಡಿಸಿದೆ.

ಸೋಮವಾರ ಮಧ್ಯಾಹ್ನ ಅದನ್ನು ಉಟ್ಟು, ಹೂ ಮುಡಿದು, ಪೌಡರು ಹಚ್ಚಿಕೊಂಡು ಹೋದರೆ ಪರದೆಯೇ ಇಲ್ಲ. ಕೆಂಪೂ ಇಲ್ಲ, ನೀಲಿಯೂ ಇಲ್ಲ. ಹಳೆಯ ವೈರಿನ ಸುರುಳಿಗಳನ್ನು ಇಡುತ್ತಿದ್ದ ಸಣ್ಣ ಖೋಲಿಯ ಗೋಡೆಗಳಿಗೆ ಹಾಸಿಗೆ ಹೊದಿಸಿದ ಹಾಗೆ ಸ್ಪಂಜು ಬಡಿದು, ನಡುವೆ ಒಂದು ಮೈಕು ಇಟ್ಟಿದ್ದರು. ಮೊದಲು ದನಿ ಪರೀಕ್ಷೆ ಇರಬೇಕು ಎಂದುಕೊಂಡು ಓದಿ ಮುಗಿಸಿ, ‘ಕ್ಯಾಮೆರಾ ಎಲ್ಲೈತ್ರಿ?’ ಎಂದು ಕೇಳಿದೆ.

‘ಕ್ಯಾಮೆರಾ ಬೇಡ ಮೇಡಂ. ನಿಮ್ಮದು ವಾಯ್ಸ್ ಮಾತ್ರ. ಮುಖ ಕಂಪ್ಯೂಟರೇ ಮಾಡತ್ತೆ’ ಎಂದು ಮ್ಯಾನೇಜರ್ ಹೆಮ್ಮೆಯಿಂದ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. ಬೆಳ್ಳಗಿನ, ತೆಳ್ಳಗಿನ ಒಂದು ಹುಡುಗಿ. ಮೂಗುತಿ ಇಲ್ಲ, ಬೆವರಿಲ್ಲ, ಕೂದಲು ಎಳ್ಳಷ್ಟೂ ಅಲುಗುವುದಿಲ್ಲ. ನಾಲ್ಕೂ ಊರಿಗೆ ಒಪ್ಪುವ ಮುಖವಂತೆ. ನನ್ನದು ಯಾವ ಊರಿಗೆ ಒಪ್ಪಿರಲಿಲ್ಲ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ, ಏಕೆಂದರೆ ಆಗಲೇ ಸಂಜೆಯಾಗುತ್ತಿತ್ತು, ಹಿರೇವಡ್ಡಟ್ಟಿಯಲ್ಲಿ ಓಣಿ ಸೇರುತ್ತಿತ್ತು.

ನೆಗೆಣ್ಣಿಗೆ ಫೋನ್ ಮಾಡಿದೆ. ‘ಅಕ್ಕಾ, ಟಿವಿ ಹಚ್ಚಬ್ಯಾಡ್ರಿ’ ಅನ್ನುವಷ್ಟರಲ್ಲಿ ಆಕೆ, ‘ಮನಿ ತುಂಬ ಮಂದಿ ಕುಂತಾರ ತಂಗಿ, ಅತ್ತಿ ಎಲ್ಲಾರಿಗೂ ಚಾ ಮಾಡ್ಸಾಕತ್ಯಾರ, ಆಮ್ಯಾಲ ಮಾತಾಡೂಣು’ ಎಂದು ಇಟ್ಟೇಬಿಟ್ಟಳು.

ಏಳಕ್ಕೆ ನಮ್ಮ ಮನೆಯಲ್ಲೂ ಟಿವಿ ಹಚ್ಚಿದೆವು. ಆ ಹುಡುಗಿ ಬಂದು ನನ್ನ ದನಿಯಲ್ಲಿ ನಮಸ್ಕಾರ ಎಂದಳು. ಬಸ್ಸು ಪಲ್ಟಿಯಾದ ಸುದ್ದಿಗೆ ನಕ್ಕಳು. ಸನ್ಮಾನದ ಸುದ್ದಿಗೂ ಅಷ್ಟೇ ನಕ್ಕಳು. ನನ್ನ ಯಜಮಾನರು ಒಮ್ಮೆ ಟಿವಿಯನ್ನೂ ಒಮ್ಮೆ ಮದುವೆ ಸೀರೆಯಲ್ಲಿದ್ದ ನನ್ನನ್ನೂ ನೋಡಿ, ಜಾಣರು, ಊಟಕ್ಕೆ ತಾಟು ಹಾಕಿದರು. ನಾನು ಅತ್ತುಬಿಟ್ಟೆ. ಪರದೆ ಬದಲಾದಾಗಲೆಲ್ಲ ಉಳಿದುಕೊಂಡವಳು, ಈ ಸಲ ಪರದೆಯ ಜೊತೆಗೇ ಹೋಗಿದ್ದೆ.

ಆ ರಾತ್ರಿ ಹಿರೇವಡ್ಡಟ್ಟಿಯಿಂದ ಫೋನ್ ಬರಲಿಲ್ಲ. ಮರುದಿನ ನೆಗೆಣ್ಣಿಯೇ ಹೇಳಿದಳು. ಟಿವಿಯಲ್ಲಿ ಆ ಮುಖ ಬಂದ ಕೂಡಲೇ ಪಡಸಾಲೆಯಲ್ಲಿದ್ದವರೆಲ್ಲ ಅತ್ತೆಯ ಕಡೆ ತಿರುಗಿದರಂತೆ. ಎದುರುಮನೆಯ ಮುದುಕಿ, ‘ಏನವಾ, ನಿನ್ನ ಸಣ್ಣ ಸೊಸಿ ಹಿಂಗಿರಲಿಲ್ಲಲ್ಲ? ಆಕಿ ಮಾರಿ ದುಂಡಗೈತಿ’ ಎಂದಳಂತೆ. ಅತ್ತೆ ಚಹಾದ ಬಟ್ಟಲು ಕೆಳಗಿಟ್ಟು, ‘ದನಿ ಯಾರದು?’ ಎಂದು ಕೇಳಿದರಂತೆ.

‘ದನಿ ಆಕೀದ ಐತಿ.’

‘ಮತ್ತ? ಟಿವ್ಯಾಗ ಹಂಗ ಕಾಣ್ತಾರ. ಹೊಲದಾಗಿನ ಹತ್ತಿ ಬ್ಯಾರೆ ಕಾಣತೈತಿ, ಅಂಗಡ್ಯಾಗಿನ ಸೀರಿ ಬ್ಯಾರೆ ಕಾಣತೈತಿ. ಸುಮ್ಮ ನೋಡ್ರಿ.’

ಅಲ್ಲಿಗೆ ತೀರ್ಪಾಯಿತು. ಅಂದಿನಿಂದ ಹಿರೇವಡ್ಡಟ್ಟಿಯ ಆ ಓಣಿಗೆ ಕಂಪ್ಯೂಟರ್ ಹುಡುಗಿಯೇ ನಾನು. ‘ಆಕಡಿ ಈಕಡಿ ಹೊರಳಿ ನೋಡಂಗಿಲ್ಲ, ಎಷ್ಟ್ ಮರ್ಯಾದಸ್ಥ ಹೆಣಮಗಳು’ ಎಂದು ಹೊಗಳುತ್ತಿದ್ದರಂತೆ. ಕಣ್ಣು ಪಿಳುಕಿಸದಿರುವುದು ಓದಿನ ಮೇಲಿನ ಭಕ್ತಿ ಎಂದಾಯಿತು. ತೊಂದರೆ ಬಂದದ್ದು ಸೀರೆಯಿಂದ. ಕಂಪನಿ ಆ ಹುಡುಗಿಗೆ ಒಂದೇ ಸೀರೆ ಮಾಡಿಸಿತ್ತು, ದಿನವೂ ಅದೇ ಹಸಿರು. ‘ಮಾಸ್ತರ ಹೇಂತಿಗೆ ಇನ್ನೊಂದು ಸೀರಿ ಇಲ್ಲೇನು?’ ಎಂದು ಯಾರೋ ಆಡಿಕೊಂಡರಂತೆ. ಅತ್ತೆ ತಡೆಯಲಾರದೆ ನನ್ನ ಯಜಮಾನರಿಗೆ ಫೋನ್ ಮಾಡಿ, ‘ಓಣ್ಯಾಗ ಮಾರಿ ತೋರಸ್ದಂಗ ಮಾಡಿಯಲ್ಲಲೇ! ಆಕಿಗೊಂದು ಸೀರಿ ಕೊಡಸು’ ಎಂದು ಬೈದರು. ಯಜಮಾನರು ಪಾಪ, ಕೊಡಿಸಿದರು. ಮರುದಿನ ಸಂಜೆ ಆ ಹುಡುಗಿ ಮತ್ತೆ ಹಸಿರು ಸೀರೆಯಲ್ಲೇ ಬಂದಳು. ಅವರಿಗೆ ಮತ್ತೆ ಬೈಗುಳ ಬಿತ್ತು.

ನನಗೆ ನಗು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಅತ್ತೆ ನಿಜಕ್ಕೂ ಅವಳನ್ನೇ ನಾನೆಂದು ತಿಳಿದಿದ್ದಾರೋ ಏನೋ ಗೊತ್ತಾಗಲಿಲ್ಲ. ಇಷ್ಟು ವರ್ಷ ಕಾದು, ಕೊನೆಗೆ ಅವರು ಮೆಚ್ಚಿದ್ದು ಇನ್ನೊಬ್ಬಳ ಮುಖವನ್ನು ಎಂಬುದು ಚುಚ್ಚುತ್ತಿತ್ತು.

ಅಷ್ಟರಲ್ಲಿ ನೆಗೆಣ್ಣಿಯ ಮಗಳಿಗೆ ಲಕ್ಷ್ಮೇಶ್ವರದ ಕಡೆಯ ಯಳವತ್ತಿಯಿಂದ ಒಂದು ಸಂಬಂಧ ಬಂತು. ಅಲ್ಲಿಗೂ ಈಗ ನಮ್ಮದೇ ಸುದ್ದಿ. ಅತ್ತೆ ಮಾತು ತಂದವರ ಮುಂದೆ, ‘ಟಿವ್ಯಾಗ ಓದಾಕಿ ನಮ್ಮ ಸಣ್ಣ ಸೊಸಿ’ ಎಂದು ಹೇಳಿಬಿಟ್ಟಿದ್ದರು. ಹುಡುಗಿಯನ್ನು ನೋಡಲು ಬರುವ ದಿನ ಸುದ್ದಿಯವಳನ್ನೂ ನೋಡುತ್ತೇವೆ ಎಂದು ಆ ಕಡೆಯ ಹೆಂಗಸರು ಹೇಳಿ ಕಳಿಸಿದರು. ಅತ್ತೆಯಿಂದ ಫೋನ್: ‘ರಜಾ ಹಾಕಿ ಬಾ.’ ನನ್ನ ಓದು ರಜೆ ಹಾಕುವಂಥ ಕೆಲಸವೆಂದು ಅವರು ಒಪ್ಪಿದ್ದು ಅದೇ ಮೊದಲು.

ಯಳವತ್ತಿಯವರು ಬಂದರು. ಶಿರಾ, ಉಪ್ಪಿಟ್ಟು, ಚಹಾ ಆಯಿತು. ಹುಡುಗಿ ಬಂದು ನಮಸ್ಕಾರ ಮಾಡಿ ಒಳಗೆ ಹೋದಳು. ಎಲ್ಲ ಚೆನ್ನಾಗಿಯೇ ನಡೆದಿತ್ತು. ಆಗ ಹುಡುಗನ ದೊಡ್ಡಮ್ಮ ಸುತ್ತ ಕಣ್ಣಾಡಿಸಿ, ‘ಟಿವಿ ಸೊಸಿ ಬಂದಿಲ್ಲೇನ್ರಿ?’ ಎಂದರು.

‘ನಿಮಗ ಉಪ್ಪಿಟ್ ಹಾಕಿದಾಕೀನ ಆಕಿ’ ಎಂದರು ಅತ್ತೆ.

ದೊಡ್ಡಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಜೊತೆಗಿದ್ದ ಹೆಂಗಸರೂ ನೋಡಿದರು. ‘ಆಕಿ ತೆಳ್ಳಗ, ಬೆಳ್ಳಗ ಅದಾಳಲ್ರಿ... ಇವರು...’ ಎಂದು ನಿಲ್ಲಿಸಿದರು. ಪಡಸಾಲೆಯಲ್ಲಿ ಎಲ್ಲರ ಮುಖವೂ ಸಣ್ಣಗಾಯಿತು. ಇದೊಂದು ಸುಳ್ಳಾದರೆ ಹುಡುಗಿಯ ವಯಸ್ಸೂ, ಹೊಲದ ಅಳತೆಯೂ ಸುಳ್ಳಿರಬಹುದು ಎಂಬ ಸಂಶಯ ಆ ದೊಡ್ಡಮ್ಮನ ಹುಬ್ಬಿನಲ್ಲಿ ಕಾಣುತ್ತಿತ್ತು. ಒಳಗಿನಿಂದ ನೆಗೆಣ್ಣಿ ಬಾಗಿಲಿಗೆ ಬಂದು ಗಾಬರಿಯಿಂದ ನಿಂತಳು.

ಅತ್ತೆ ಮಾತ್ರ ಕದಲಲಿಲ್ಲ. ‘ಎಲ್ಲಾರೂ ಕಣ್ಣ ಮುಚ್ಚರಿ’ ಎಂದರು.

‘ಯಾಕ್ರಿ?’

‘ಮುಚ್ಚರಿ ಅಂದ್ನಲ್ಲ.’

ಅವರ ದನಿಗೆ ಯಳವತ್ತಿಯವರೆಲ್ಲ ಕಣ್ಣು ಮುಚ್ಚಿದರು. ಹುಡುಗನೂ ಮುಚ್ಚಿದ. ಅತ್ತೆ ನನ್ನ ಕಡೆ ತಿರುಗಿ, ‘ಓದವಾ’ ಎಂದರು.

ಏನು ಓದಲಿ? ಕೈಯಲ್ಲಿ ಉಪ್ಪಿಟ್ಟಿನ ಸೌಟು ಬಿಟ್ಟರೆ ಏನೂ ಇರಲಿಲ್ಲ. ಬರೆದಿಟ್ಟದ್ದನ್ನು ಓದುವುದರಲ್ಲಿ ಏನಿದೆ ಎಂದಿದ್ದವರು ಈಗ ಬರೆಯದೇ ಇದ್ದದ್ದನ್ನು ಓದಿಸುತ್ತಿದ್ದರು. ಸೆರಗು ಸರಿಮಾಡಿಕೊಂಡೆ, ಬೆನ್ನು ನೆಟ್ಟಗೆ ಮಾಡಿದೆ.

‘ನಮಸ್ಕಾರ. ಸುದ್ದಿಗೆ ಸ್ವಾಗತ. ಯಳವತ್ತಿಯ ಗಣ್ಯರ ತಂಡವೊಂದು ಇಂದು ಹಿರೇವಡ್ಡಟ್ಟಿಗೆ ಭೇಟಿ ನೀಡಿದ್ದು, ತಂಡಕ್ಕೆ ಶಿರಾ ಹಾಗೂ ಉಪ್ಪಿಟ್ಟು ನೀಡಿ ಬರಮಾಡಿಕೊಳ್ಳಲಾಯಿತು. ಹುಡುಗ ಎರಡನೇ ಸಲ ಶಿರಾ ಹಾಕಿಸಿಕೊಂಡಿರುವುದು ಶುಭಸೂಚನೆ ಎಂದು ಹೇಳಲಾಗುತ್ತಿದೆ. ಈ ಕುರಿತು ದೊಡ್ಡಮ್ಮನವರ ಪ್ರತಿಕ್ರಿಯೆ ಇನ್ನಷ್ಟೇ ಹೊರಬೀಳಬೇಕಿದೆ.’

ಮುಚ್ಚಿದ ಕಣ್ಣಲ್ಲೇ ಎಲ್ಲರೂ ನಕ್ಕರು. ದೊಡ್ಡಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು, ‘ಯವ್ವಾ, ಖರೇನ ಆಕೀನ! ಸುದ್ದಿಯಾಕೀನ!’ ಎಂದರು. ಬಾಗಿಲಲ್ಲಿ ನೆಗೆಣ್ಣಿ ಬಿಟ್ಟ ಉಸಿರು ನನಗೂ ಕೇಳಿಸಿತು.

ಆಗ ನಾನು ಅತ್ತೆಯ ಕಡೆ ನೋಡಿದೆ. ಇಡೀ ಪಡಸಾಲೆಯಲ್ಲಿ ಅವರೊಬ್ಬರೇ ಕಣ್ಣು ಮುಚ್ಚಿರಲಿಲ್ಲ. ಗಲ್ಲಕ್ಕೆ ಕೈಯಿಟ್ಟು, ಟಿವಿಯ ಮುಂದೆ ಕೂತ ಹಾಗೆ ಕೂತು, ನನ್ನ ದುಂಡು ಮುಖವನ್ನೇ ನೋಡುತ್ತಿದ್ದರು. ಟಿವಿಯ ಮುಖ ನನ್ನದಲ್ಲವೆಂದು ಅವರಿಗೆ ಮೊದಲ ದಿನದಿಂದಲೂ ಗೊತ್ತಿತ್ತು; ಸೀರೆಯ ಬೈಗುಳವೂ ಓಣಿಗೆ ಕೇಳಲೆಂದೇ ಇರಬೇಕು. ನಾನು ಮುಂದಿನ ಸುದ್ದಿ ಮರೆತು, ಸೌಟು ಹಿಡಿದು ಅವರನ್ನೇ ನೋಡುತ್ತ ನಿಂತೆ.

‘ಯಾಕ ನಿಲ್ಲಿಸಿದಿ?’ ಎಂದರು ಅತ್ತೆ. ‘ನಾ ನೋಡಾಕತ್ತೀನಿ. ಮುಂದ ಓದು.’